ಬಿಲ್ಲಿನ ಬೇಟೆ ಮತ್ತು ರಾಜ್ಯದ ಗಡಿ

ಕಾಡಿನ ಜಿಂಕೆ ಯಾರ ಸೊತ್ತು? ಹಿಂದೆ ಇಂಗ್ಲೆಂಡಿನಲ್ಲಿ ರಾಜಾರಣ್ಯದ ಜಿಂಕೆ ಅರಸನದೇ ಆಗಿತ್ತು. ಅಮೆರಿಕೆಯಲ್ಲಾದರೋ ವನ್ಯಜೀವಿಗಳು ಪ್ರಜೆಗಳ ಪರವಾಗಿ ರಾಜ್ಯವು ಕಾಯುವ ನಿಧಿಯೆಂದು ಸರ್ವೋಚ್ಚ ನ್ಯಾಯಾಲಯವು 1896ರಲ್ಲಿ ಸಾರಿತು.

ಕೋವಿಯ ಕಾಲದಲ್ಲಿ ಮರೆಯಾಗುತ್ತಿದ್ದ ಬಿಲ್ಲುಬೇಟೆಗೆ ಮರುಜೀವವಿತ್ತವರಲ್ಲಿ ಕ್ಯಾಲಿಫೋರ್ನಿಯಾದ ವೈದ್ಯ ಸ್ಯಾಕ್ಸ್‌ಟನ್ ಪೋಪ್ ಒಬ್ಬನು. ಯಾಹಿ ಬುಡಕಟ್ಟಿನ ಇಶಿಯಿಂದ ಕಲಿತ ಆ ವಿದ್ಯೆಯನ್ನು ಅವನು 1923ರಲ್ಲಿ ಗ್ರಂಥರೂಪಕ್ಕೆ ತಂದನು. 1934ರಲ್ಲಿ ವಿಸ್ಕಾನ್ಸಿನ್ ರಾಜ್ಯವು ಬಿಲ್ಲುಗಾರರಿಗೆಂದೇ ಜಿಂಕೆಬೇಟೆಯ ಕಾಲವನ್ನು ಗೊತ್ತುಪಡಿಸಿತು.

ರಾಷ್ಟ್ರೀಯ ಅರಣ್ಯದ ನೆಲ ಇಡೀ ದೇಶದ್ದು. ಬೇಟೆಯ ಕಟ್ಟಳೆ ಮಾತ್ರ ಬಹುಮಟ್ಟಿಗೆ ಆಯಾ ರಾಜ್ಯದ್ದು. ಆದುದರಿಂದ ಬೇರೆ ರಾಜ್ಯದಲ್ಲಿ ನೆಲಸಹೋದವನು ಅಲ್ಲಿನ ನಿವಾಸಿಯೆನಿಸುವ ತನಕ ಸಾಮಾನ್ಯವಾಗಿ ಹೊರಗಿನವರ ಹೆಚ್ಚಿನ ಶುಲ್ಕವನ್ನೇ ತೆರಬೇಕು. ಮೊಂಟಾನಾದ ಎಲ್ಕ್ ಬೇಟೆಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ಈ ಭೇದವನ್ನು ಎತ್ತಿಹಿಡಿಯಿತು. ಮರುವರ್ಷವೇ ರಾಜ್ಯದ ಒಡೆತನವೆಂಬ 1896ರ ತತ್ತ್ವವನ್ನು ಅದು ಕೈಬಿಟ್ಟಿತು. ಕಾಯುವ ಹೊಣೆಯಾದರೋ ರಾಜ್ಯಗಳಲ್ಲಿಯೇ ಉಳಿಯಿತು.