ಸುಳ್ಯ

ಸುಳ್ಯ: ದಕ್ಷಿಣ ಕನ್ನಡ ಜಿಲ್ಲೆಯ ಆಗ್ನೇಯ ಅಂಚಿನಲ್ಲಿ, ಸಹ್ಯಾದ್ರಿಯ ತಪ್ಪಲಿನಲ್ಲಿ, ಪಯಸ್ವಿನೀ ನದಿಯ ದಡದಲ್ಲಿರುವ ಕೃಷಿಪ್ರಧಾನ ಪೇಟೆ, ಅದೇ ಹೆಸರಿನ ತಾಲ್ಲೂಕಿನ ಕೇಂದ್ರ. ಮಂಗಳೂರಿನಿಂದ ಸುಮಾರು 85 ಕಿ.ಮೀ. ದೂರದಲ್ಲಿ, ಮಡಿಕೇರಿಯ ಮಾರ್ಗವಾಗಿ ಮೈಸೂರಿಗೆ ಏರಿ ಹೋಗುವ ಹೆದ್ದಾರಿಯ ಮೇಲಿದೆ. ಜನಸಂಖ್ಯೆ ಸುಮಾರು 20,000.

ಬಯಲುಸೀಮೆಯಿಂದ ಬಂದವನಿಗೆ ಈ ನಾಡಿನ ಗ್ರಾಮಗಳು ಮೊದಲ ನೋಟಕ್ಕೆ ಕಾಣಿಸುವುದೇ ಇಲ್ಲವೆನ್ನಬೇಕು. ಐವರ್ನಾಡು, ಜಾಲ್ಸೂರು, ಅರಂತೋಡು, ತೊಡಿಕಾನ ಮೊದಲಾದೆಡೆಗಳಲ್ಲಿ ಮನೆಗಳು ಒತ್ತಾಗಿ ನಿಂತು ಬೀದಿಗಳಾಗಿಲ್ಲ. ಒಬ್ಬೊಬ್ಬ ಕೃಷಿಕನ ಮನೆಯೂ ಗುಡ್ಡದ ಓರೆಯಲ್ಲಿ, ಅವನದೇ ಅಡಕೆ ತೋಟದ ತಲೆಯಲ್ಲಿ, ನೆರೆಮನೆಯಿಂದ ಒಂದು ಕೂಗಿನಷ್ಟು ದೂರದಲ್ಲಿ ನಿಂತಿದೆ. ಹೀಗೆ ಚದುರಿದ ಜನ ಒಂದೆಡೆ ಕೂಡುವುದು ದೈವದೇವರ ಸನ್ನಿಧಿಯಲ್ಲಿ. ಅದು ಬಿಟ್ಟರೆ ಪೇಟೆಯಲ್ಲಿ. ಸುಳ್ಯವನ್ನು ಬೆಳೆಸಿದ್ದು ಅರಮನೆಯೂ ಅಲ್ಲ, ಬಂದರವೂ ಅಲ್ಲ. ಸುತ್ತಲಿನ ತೋಟಗಳ ಈ ಒಂಟಿತನವೇ.

ಚರಿತ್ರೆಯಲ್ಲಿ ಈ ಸೀಮೆ ಅಮರಸುಳ್ಯ ಮಾಗಣೆ (ಕಂದಾಯ ವಿಭಾಗ) ಎಂದು ಪ್ರಸಿದ್ಧ. ಟಿಪ್ಪುವಿನ ಪತನಾನಂತರ ಆಂಗ್ಲರು ಇದನ್ನು ಕೊಡಗಿನ ಅರಸರಿಗೆ ಬಿಟ್ಟುಕೊಟ್ಟಿದ್ದರು. 1834ರಲ್ಲಿ ಕೊಡಗನ್ನೇ ವಶಪಡಿಸಿಕೊಂಡ ಮೇಲೆ ಮರಳಿ ಕೆನರಾ ಜಿಲ್ಲೆಗೆ ಸೇರಿಸಿದರು. ಅದುವರೆಗೆ ಬೆಳೆದ ಬೆಳೆಯನ್ನೇ ಅಳೆದುಕೊಟ್ಟು ಕಂದಾಯ ತೀರಿಸುತ್ತಿದ್ದ ರೈತನಿಗೆ ನಗದು ಹಣವನ್ನೇ ತರಬೇಕೆಂಬ ಕಟ್ಟಳೆ ಒದಗಿತು. ಕೈಯಲ್ಲಿ ಕಾಸಾಡದ ಗುಡ್ಡಗಾಡಿನಲ್ಲಿ ಅದರ ಅರ್ಥ ಸಾಲವೆಂದೇ ಆಯಿತು. 1837ರಲ್ಲಿ ಕೆದಂಬಾಡಿ ರಾಮಯ್ಯಗೌಡನೇ ಮೊದಲಾದವರು, ಕೊಡಗಿನ ರಾಜವಂಶದ ಕಲ್ಯಾಣಸ್ವಾಮಿ ಎಂದು ಪುಟ್ಟಬಸಪ್ಪನೆಂಬವನನ್ನು ಮುಂದಿಟ್ಟುಕೊಂಡು, ಬೆಳ್ಳಾರೆಯ ಖಜಾನೆಯನ್ನು ಹಿಡಿದು, ಪುತ್ತೂರು ಬಂಟ್ವಾಳಗಳ ದಾರಿಯಾಗಿ ಇಳಿದು, ಏಪ್ರಿಲ್ 5ರಂದು ಮಂಗಳೂರನ್ನೇ ಕೈವಶ ಮಾಡಿಕೊಂಡು ಹದಿಮೂರು ದಿನ ಆಳಿದರು. ಜನರ ಬಾಯಲ್ಲಿ ಇದು ‘ಕಲ್ಯಾಣಪ್ಪನ ಕಾಟಕಾಯಿ’. ಪುಟ್ಟಬಸಪ್ಪನಿಗೆ ಮಂಗಳೂರಿನ ಬಿಕರ್ಣಕಟ್ಟೆಯಲ್ಲಿಯೂ ಹೋರಾಟದ ಇನ್ನೊಬ್ಬ ನಾಯಕ ಗುಡ್ಡೆಮನೆ ಅಪ್ಪಯ್ಯಗೌಡನಿಗೆ ಮಡಿಕೇರಿಯ ಕೋಟೆಯಲ್ಲಿಯೂ ಗಲ್ಲಾಯಿತು. ಅರಸುಪಟ್ಟದ ಹೆಸರಿನಲ್ಲಿ ನಡೆದರೂ, ಮೂಲದಲ್ಲಿ ಇದು ಬೆಳೆಗಾರನ ಹೋರಾಟವೆಂಬುದೇ ಸರಿಯಾದ ತೀರ್ಮಾನವೆಂದು ತೋರುತ್ತದೆ. ರಾಮಯ್ಯಗೌಡನ ಪ್ರತಿಮೆ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಸ್ಥಾಪಿತವಾದದ್ದು 2022ರಲ್ಲಿ.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದುದರಿಂದ ಸುಳ್ಯ ಗಡಿಯ ಪೇಟೆಯಾಯಿತು. ಪಯಸ್ವಿನಿಯಾದರೋ ಗಡಿ ದಾಟಿ, ಚಂದ್ರಗಿರಿಯೊಡನೆ ಒಂದಾಗಿ, ಕಾಸರಗೋಡಿನ ಬಳಿ ಕಡಲನ್ನು ಸೇರುತ್ತದೆ. 1965ರಲ್ಲಿ ಪುತ್ತೂರು ತಾಲ್ಲೂಕಿನಿಂದ ಬೇರ್ಪಟ್ಟು ಸುಳ್ಯ ಪ್ರತ್ಯೇಕ ತಾಲ್ಲೂಕಾಯಿತು.

ಪೇಟೆಯ ಜೀವಾಳ ಅಡಕೆ. ಹಣ್ಣಡಕೆಯನ್ನು ಅಂಗಳದಲ್ಲಿ ಹರವಿ ನಲವತ್ತು ದಿನಕ್ಕೂ ಮಿಕ್ಕಿ ಬಿಸಿಲಿಗೆ ಒಣಗಿಸಿ, ಸುಲಿದು, ಚಾಲಿ ಮಾಡಿ, ಗೋಣಿಯಲ್ಲಿ ತುಂಬಿ ತಂದ ಕೃಷಿಕನ ಎದುರಿಗೇ ವ್ಯಾಪಾರಿ ಒಂದು ಹಿಡಿ ತೆಗೆದು, ಒಂದೆರಡನ್ನು ಕತ್ತರಿಸಿ ಒಳಗಿನ ಬಿಳುಪನ್ನು ನೋಡುತ್ತಾನೆ. ಒಡೆದದ್ದು ಪಟೋರ, ಕಪ್ಪಿಟ್ಟದ್ದು ಕರಿಗೋಟು. ಇವುಗಳ ಧಾರಣೆ ಬೇರೆ. ಒಂದು ವರ್ಷ ಅಟ್ಟದಲ್ಲಿ ಕಾದಿರಿಸಿದ ಹಳೆ ಅಡಕೆಗೆ ಹೊಸದಕ್ಕಿಂತ ಬೆಲೆ ಹೆಚ್ಚು; ಆದುದರಿಂದ ಕಾಯಬಲ್ಲವನಿಗೂ ಕಾಯಲಾರದವನಿಗೂ ನಡುವಣ ಅಂತರ ಈ ತಕ್ಕಡಿಯ ಮುಂದೆ ಸ್ಪಷ್ಟವಾಗಿ ಕಾಣುತ್ತದೆ. ಎಪ್ಪತ್ತರ ದಶಕದ ಆರಂಭದಲ್ಲಿ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟಾಗ, ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ 1973ರಲ್ಲಿ ಕ್ಯಾಂಪ್ಕೋ ಸಹಕಾರ ಸಂಸ್ಥೆ ಹುಟ್ಟಿ, ಖಾಸಗಿ ವ್ಯಾಪಾರಿಯ ಮಾತೇ ಕೊನೆಯದಾಗಿದ್ದ ಕಾಲ ಮುಗಿಯಿತು. ಮಳೆಗಾಲದ ಚಿಂತೆ ಕೊಳೆರೋಗದ್ದು: ಮೈಲುತುತ್ತು ಮತ್ತು ಸುಣ್ಣ ಒಂದೊಂದು ಕಿಲೋ, ನೀರು ನೂರು ಲೀಟರ್, ಹೀಗೆ ಬೆರೆಸಿದ ಬೋರ್ಡೋ ದ್ರಾವಣವನ್ನು ಜಾರುವ ಮರವೇರಿ ಗೊನೆಗೊನೆಗೆ ಸಿಂಪಡಿಸಬಲ್ಲವನ ದಿನಕ್ಕಾಗಿ ಜೂನ್ ತಿಂಗಳಲ್ಲಿ ಇಡೀ ತಾಲ್ಲೂಕು ಕಾಯುತ್ತದೆ.

ಪೇಟೆಯಲ್ಲಿ ತುಳು ಎಲ್ಲರಿಗೂ ಬಳಕೆಯ ಮಾತು. ಗೌಡರ ಮನೆಗಳಲ್ಲಿ ಅರೆಭಾಷೆ, ಹವ್ಯಕರಲ್ಲಿ ಹವಿಗನ್ನಡ, ಮುಸಲ್ಮಾನರಲ್ಲಿ ಮಲಯಾಳ ಮತ್ತು ಬ್ಯಾರಿ. 1964ರ ಭಾರತ-ಲಂಕಾ ಒಪ್ಪಂದದನ್ವಯ ಶ್ರೀಲಂಕೆಯಿಂದ ಮರಳಿದ ತಮಿಳರು ಸರ್ಕಾರಿ ರಬ್ಬರು ತೋಟಗಳಲ್ಲಿ ನೆಲೆಸಿ ತಮಿಳನ್ನೂ ಸೇರಿಸಿದರು. ಚೆನ್ನಕೇಶವ ದೇವಾಲಯದ ಜಾತ್ರೆ ಜನವರಿಯಲ್ಲಿ. ಆ ಬಳಿಕ ಊರೂರಿನ ಕೋಲ, ಬಯಲಾಟಗಳು ಈ ಋತುವನ್ನು ಮುಗಿಸುವ ಮೇ ತಿಂಗಳ ಪತ್ತನಾಜೆ ದಿನದವರೆಗೆ ನಡೆಯುತ್ತವೆ.

ಕುರುಂಜಿ ವೆಂಕಟರಮಣ ಗೌಡರು 1976ರಲ್ಲಿ ನೆಹರು ಸ್ಮಾರಕ ಕಾಲೇಜನ್ನೂ 1986ರಲ್ಲಿ ಇಂಜಿನಿಯರಿಂಗ್ ಕಾಲೇಜನ್ನೂ, ಅನಂತರ ವೈದ್ಯಕೀಯ ಕಾಲೇಜನ್ನೂ ಸ್ಥಾಪಿಸಿದ ಮೇಲೆ, ಅಡಕೆಯ ಧಾರಣೆ ಬಿದ್ದ ವರ್ಷಗಳಲ್ಲಿಯೂ ಅಂಗಡಿ, ಹೋಟೆಲು, ಬಾಡಿಗೆ ಮನೆಗಳಿಗೆ ಆದಾಯ ತಪ್ಪಲಿಲ್ಲ. ತೋಟಗಳಿಗೆ ಅಂತಹ ಆಸರೆಯಿಲ್ಲ. ಸಂಪಾಜೆ, ಅರಂತೋಡು ಪರಿಸರದಲ್ಲಿ ದಶಕಗಳಿಂದ ಹಬ್ಬುತ್ತಿರುವ ಹಳದಿ ಎಲೆ ರೋಗಕ್ಕೆ ಸಿದ್ಧೌಷಧ ದೊರೆತಿಲ್ಲ. ಮರವನ್ನು ಒಮ್ಮೆಗೇ ಕೊಲ್ಲದೆ ಇಳುವರಿಯನ್ನು ವರ್ಷವರ್ಷವೂ ಕುಗ್ಗಿಸುವ ಈ ರೋಗ ಹಿಡಿದ ತೋಟಗಳಲ್ಲಿ ಕೆಲವರು ರಬ್ಬರು, ಕಾಫಿ, ಕೊಕ್ಕೊ, ತಾಳೆಗಳನ್ನು ನೆಡುತ್ತಿದ್ದಾರೆ. ಮಿಕ್ಕವರು ಸತ್ತ ಬುಡದ ಪಕ್ಕದಲ್ಲಿ ಮತ್ತೆ ಅಡಕೆಯ ಸಸಿಯನ್ನೇ ಇಡುತ್ತಾರೆ.