ನಿದ್ರಾಜಾಡ್ಯದ ಮಕ್ಕಳು

ಮಗು ಕಾರಣವಿಲ್ಲದೆ ಕೆರಳಿದರೆ, ಕೈಗೆ ಸಿಕ್ಕಿದ್ದನ್ನು ಒಡೆದರೆ, ಎಷ್ಟು ಹೇಳಿದರೂ ಒಂದೆಡೆ ನಿಲ್ಲದಿದ್ದರೆ, ದೋಷ ಯಾರದು? ಈ ಪ್ರಶ್ನೆಗೆ ಹಿಂದಿನಿಂದ ಬಂದ ಉತ್ತರಗಳು ಬಹುಮಟ್ಟಿಗೆ ಮೂರು. ಗ್ರಹದ ದೋಷವೆಂಬುದು ಒಂದು. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಸ್ಕಂದ, ಶಕುನಿ, ರೇವತಿ, ಪೂತನಾ ಮೊದಲಾಗಿ ಒಂಬತ್ತು ಬಾಲಗ್ರಹಗಳ ಹೆಸರುಗಳಿವೆ. ‘ಗ್ರಹ ಬಡಿದವನ ಹಾಗೆ’ ಎಂಬ ನಮ್ಮ ಮಾತಿನಲ್ಲಿ ಆ ನಂಬಿಕೆಯ ನೆರಳು ಇನ್ನೂ ಉಳಿದಿದೆ. ಸಾಕಿದವರ ದೋಷವೆಂಬುದು ಎರಡನೆಯದು. ಮಗುವಿನ ಸ್ವಭಾವವೇ ಕೆಟ್ಟದ್ದೆಂಬುದು ಮೂರನೆಯದು. ಬೆತ್ತ ಹುಟ್ಟಿದ್ದು ಈ ಉತ್ತರದಿಂದ. ಮಿದುಳಿಗೆ ತಗುಲಿದ ಪೆಟ್ಟು ಮಗುವಿನ ನಡತೆಯನ್ನೇ ಬದಲಿಸಬಲ್ಲದೆಂಬ ನಾಲ್ಕನೆಯ ಉತ್ತರ ವೈದ್ಯರ ಮನಸ್ಸಿನಲ್ಲಿ ಗಟ್ಟಿಯಾಗಿ ನಾಟಿದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ. ಅದಕ್ಕೆ ಮುಖ್ಯ ನಿಮಿತ್ತವಾದದ್ದು ಒಂದು ವಿಚಿತ್ರ ಸಾಂಕ್ರಾಮಿಕ.

ಅದಕ್ಕೂ ಮೊದಲು ಒಂದು ಮುನ್ಸೂಚನೆ ದೊರೆತಿತ್ತು. ೧೯೦೨ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್‌ನಲ್ಲಿ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯ ಮೂರು ಉಪನ್ಯಾಸಗಳನ್ನು ಕೊಟ್ಟ. ಬುದ್ಧಿಯಲ್ಲಿ ಕೊರತೆಯಿಲ್ಲದೆ, ತಮ್ಮನ್ನು ತಾವು ಹಿಡಿದಿಟ್ಟುಕೊಳ್ಳಲಾಗದ ೨೦ ಮಕ್ಕಳ ವೃತ್ತಾಂತ ಅವುಗಳಲ್ಲಿತ್ತು. ತೀವ್ರ ಜ್ವರ, ಮಿದುಳುಪೊರೆಯ ಉರಿಯೂತ ಮುಂತಾದವುಗಳ ತರುವಾಯ ಸ್ವಭಾವ ಕೆಟ್ಟ ಮಕ್ಕಳನ್ನೂ ಆತ ಗಮನಿಸಿದ್ದ. ಆದರೆ ‘ನೈತಿಕ ನಿಯಂತ್ರಣದ ದೋಷ’ವೆಂದು ಆತ ಇಟ್ಟ ಹೆಸರಿನಲ್ಲಿ ವೈದ್ಯನ ಜೊತೆಗೆ ಧರ್ಮೋಪದೇಶಕನ ದನಿಯೂ ಕೇಳಿಸುತ್ತದೆ.

ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲದಲ್ಲಿ, ವಿಯೆನ್ನಾ ನಗರದ ಆಸ್ಪತ್ರೆಗೆ ಹೊಸಬಗೆಯ ರೋಗಿಗಳು ಬರತೊಡಗಿದರು. ಊಟದ ನಡುವೆ, ಮಾತಿನ ನಡುವೆ ಅವರಿಗೆ ನಿದ್ರೆ ಕವಿಯುತ್ತಿತ್ತು. ಎಬ್ಬಿಸಿದರೆ ಎದ್ದು ಉತ್ತರ ಹೇಳಿ ಮತ್ತೆ ಮಲಗುತ್ತಿದ್ದರು. ಕೆಲವರಿಗೆ ಇದಕ್ಕೆ ವಿರುದ್ಧವಾಗಿ ನಿದ್ರೆಯೇ ಬರುತ್ತಿರಲಿಲ್ಲ. ೧೯೧೭ರ ಏಪ್ರಿಲ್‌ನಲ್ಲಿ ಕಾನ್‌ಸ್ಟಾಂಟಿನ್ ಫಾನ್ ಎಕೊನೊಮೊ ಇದನ್ನು ಎನ್‌ಸೆಫಲೈಟಿಸ್ ಲೆಥಾರ್ಜಿಕಾ ಎಂಬ ಹೆಸರಿನಿಂದ ವರ್ಣಿಸಿದ. ಕನ್ನಡದಲ್ಲಿ ನಾವು ನಿದ್ರಾಜಾಡ್ಯವೆನ್ನಬಹುದು; ಜಾಡ್ಯವೆಂಬ ಶಬ್ದಕ್ಕೆ ಜಡತ್ವ, ರೋಗ ಎಂಬ ಎರಡು ಅರ್ಥಗಳೂ ನಮ್ಮಲ್ಲಿ ಇವೆ. ಆಫ್ರಿಕದ ಸೆಟ್ಸೆ ನೊಣದಿಂದ ಬರುವ ನಿದ್ರಾರೋಗಕ್ಕೂ ಇದಕ್ಕೂ ಸಂಬಂಧವಿಲ್ಲ. ಸತ್ತವರ ಮಿದುಳುಗಳನ್ನು ಪರೀಕ್ಷಿಸಿ, ಮಿದುಳಿನ ಬುಡದಲ್ಲಿ ಉರಿಯೂತ ಎಲ್ಲಿ ತಗುಲಿದರೆ ನಿದ್ರೆ ಹೆಚ್ಚುತ್ತದೆ, ಎಲ್ಲಿ ತಗುಲಿದರೆ ನಿದ್ರೆ ಕೆಡುತ್ತದೆ ಎಂಬುದನ್ನು ಎಕೊನೊಮೊ ಗುರುತಿಸಿದ. ರೋಗ ಯುರೋಪು, ಅಮೆರಿಕಗಳಲ್ಲೆಲ್ಲ ಹಬ್ಬಿತು. ೧೯೨೪ರ ಒಂದೇ ವರ್ಷದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ೫,೦೦೦ಕ್ಕೂ ಹೆಚ್ಚು ಜನರಲ್ಲಿ ಇದು ಕಾಣಿಸಿಕೊಂಡಿತು. ೧೯೨೭ರ ಸುಮಾರಿಗೆ, ಬಂದ ಹಾಗೆಯೇ ಹಿಂದೆಗೆಯಿತು. ಅದಕ್ಕೆ ಮೂಲವೇನೆಂಬುದು ಇಂದಿಗೂ ಖಚಿತವಾಗಿಲ್ಲ.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಜ್ವರ ಇಳಿದ ಮೇಲಿನ ಕಥೆ. ಬದುಕಿ ಉಳಿದ ದೊಡ್ಡವರಲ್ಲಿ ಅನೇಕರ ಮೈ ಬಿಗಿಯಿತು, ಕೈ ನಡುಗಿತು, ಮುಖ ಮರಗಟ್ಟಿತು. ಮಕ್ಕಳಲ್ಲಿ ಕೆಟ್ಟದ್ದು ಬಹುವೇಳೆ ನಡತೆ. ನಿನ್ನೆಯವರೆಗೆ ಸೌಮ್ಯವಾಗಿದ್ದ ಮಗು ಕಚ್ಚತೊಡಗಿತು, ಸುಳ್ಳು ಹೇಳಿತು, ಕದ್ದಿತು, ತಮ್ಮತಂಗಿಯರ ಮೇಲೆ ಏರಿಹೋಯಿತು. ಹಗಲಿಡೀ ತೂಕಡಿಸಿ, ರಾತ್ರಿಯೆಲ್ಲ ಮನೆಯೊಳಗೆ ಓಡಾಡಿತು, ಹಾಡಿತು, ಕೂಗಿತು. ವೈದ್ಯರನ್ನು ಹೆಚ್ಚು ಕಲಕಿದ್ದು ಬೇರೊಂದು ಸಂಗತಿ. ಇಂಥ ಮಕ್ಕಳಲ್ಲಿ ಹಲವರ ಬುದ್ಧಿ ಮಂಕಾಗಿರಲಿಲ್ಲ. ಮಾಡಿದ್ದು ತಪ್ಪೆಂದು ಅವರಿಗೆ ತಿಳಿಯುತ್ತಿತ್ತು. ಅತ್ತು ಕ್ಷಮೆ ಬೇಡಿ, ಮರುಗಳಿಗೆಗೆ ಅದನ್ನೇ ಮಾಡುತ್ತಿದ್ದರು. ತಿಳಿವಳಿಕೆಗೂ ತಡೆಯುವ ಶಕ್ತಿಗೂ ನಡುವಣ ಕೊಂಡಿ ಕಳಚಿತ್ತು.

ಅದೇ ರೋಗ ದೊಡ್ಡವರಲ್ಲಿ ಒಂದು ಫಲವನ್ನೂ ಮಕ್ಕಳಲ್ಲಿ ಇನ್ನೊಂದನ್ನೂ ಕೊಟ್ಟದ್ದೇಕೆ? ಬೆಳೆಯುತ್ತಿರುವ ಮಿದುಳು ದೊಡ್ಡವರ ಮಿದುಳಿನ ಚಿಕ್ಕ ಪ್ರತಿಯಲ್ಲ. ತಡೆಯುವ, ಕಾಯುವ, ಯೋಚಿಸಿ ಹೆಜ್ಜೆಯಿಡುವ ಗುಣಗಳು ಬಾಲ್ಯದುದ್ದಕ್ಕೂ ಸ್ವಲ್ಪಸ್ವಲ್ಪವಾಗಿ ಕಟ್ಟಿಕೊಳ್ಳುತ್ತವೆ. ಕಟ್ಟಡ ಮುಗಿಯುವ ಮುನ್ನ ಅಡಿಪಾಯ ಅಲುಗಿದರೆ ಆಗುವ ಕೇಡು ಬೇರೆ. ಮಗುವಾಗಿದ್ದಾಗ ಪುಂಡನೆನಿಸಿದವನಿಗೆ ಮುಂದೆ ಪ್ರಾಯದಲ್ಲಿ ಮೈ ಬಿಗಿಯುವ ರೋಗ ಬಂದದ್ದೂ ಉಂಟು.

ಸಮಾಜ ಈ ಮಕ್ಕಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ತಡವರಿಸಿತು. ಶಾಲೆಗಳು ಹೊರಗೆ ಹಾಕಿದವು. ಕೆಲವರು ನ್ಯಾಯಾಲಯದ ಮೆಟ್ಟಿಲೇರಿದರು. ಕೆಲವರು ಹುಚ್ಚಾಸ್ಪತ್ರೆಯಲ್ಲಿ ದೊಡ್ಡವರ ನಡುವೆ ಬಿದ್ದರು. ೧೯೨೫ರಲ್ಲಿ ಲಂಡನ್ನಿನ ವಿಂಚ್‌ಮೋರ್ ಹಿಲ್‌ನಲ್ಲಿ ಇವರಿಗಾಗಿ ಪ್ರತ್ಯೇಕ ವಿಭಾಗ ತೆರೆಯಿತು. ೧೯೨೭ರಲ್ಲಿ ಇಂಗ್ಲೆಂಡಿನ ಬುದ್ಧಿಮಾಂದ್ಯ ಕಾನೂನಿಗೆ ತಿದ್ದುಪಡಿಯಾಗಿ, ಹುಟ್ಟಿನಿಂದ ಬಂದ ಕೊರತೆಯ ಜೊತೆಗೆ ಹದಿನೆಂಟು ವರ್ಷದೊಳಗೆ ರೋಗದಿಂದಲೋ ಪೆಟ್ಟಿನಿಂದಲೋ ಬಂದ ಕೊರತೆಯೂ ಸೇರಿತು. ಒಂದು ರೋಗ ಕಾನೂನಿನ ವ್ಯಾಖ್ಯೆಯನ್ನೇ ತಿದ್ದಿಸಿತು.

ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬಾಂಡ್ ಮತ್ತು ಆಪೆಲ್ ಎಂಬ ವೈದ್ಯರು ಇಂಥ ಮಕ್ಕಳಿಗಾಗಿ ನಡೆಸಿದ ವಸತಿಶಾಲೆಯ ಅನುಭವವನ್ನು ೧೯೩೧ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ನಿಯತವಾದ ದಿನಚರಿ, ಸದಾ ಜೊತೆಗಿರುವ ಸಹನಶೀಲರು, ಪಾಠ, ಆಟ, ಕೈಕೆಲಸ: ಇವೇ ಅವರ ಔಷಧ. ಮಿದುಳಿನ ಗಾಯವನ್ನು ಅವರು ಅಳಿಸಲಾರದೆ ಹೋದರೂ ಹಲವು ಮಕ್ಕಳ ನಡತೆ ಸುಧಾರಿಸಿತು.

ಅದೇ ೧೯೩೧ರಲ್ಲಿ ರೋಡ್ ಐಲೆಂಡ್ ರಾಜ್ಯದಲ್ಲಿ ಬ್ರಾಡ್ಲಿ ಮನೆತನದ ಆಸ್ತಿಯಿಂದ ಮಕ್ಕಳ ಮಾನಸಿಕ ಆಸ್ಪತ್ರೆಯೊಂದು ತೆರೆಯಿತು. ಏಳನೆಯ ವಯಸ್ಸಿನಲ್ಲಿ ಮಿದುಳಿನ ಉರಿಯೂತಕ್ಕೆ ತುತ್ತಾಗಿ ಬಾಳಿಡೀ ನರಳಿದ ಮಗಳು ಎಮ್ಮಾಳ ಹೆಸರನ್ನು ಅದಕ್ಕೆ ಇಟ್ಟಿದ್ದರು. ಆಕೆಯದು ಈ ಸಾಂಕ್ರಾಮಿಕಕ್ಕಿಂತ ಬಹಳ ಹಿಂದಿನ ಸಂಕಟ. ಅಲ್ಲಿನ ವೈದ್ಯ ಚಾರ್ಲ್ಸ್ ಬ್ರಾಡ್ಲಿ, ಮಿದುಳಿನ ಕ್ಷಕಿರಣ ಪರೀಕ್ಷೆಯ ನಂತರ ಬರುತ್ತಿದ್ದ ತಲೆನೋವನ್ನು ತಗ್ಗಿಸಲು ಬೆನ್ಜೆಡ್ರಿನ್ ಎಂಬ ಉತ್ತೇಜಕವನ್ನು ಕೊಟ್ಟು ನೋಡಿದ. ತಲೆನೋವಿಗೆ ಹೆಚ್ಚು ಪ್ರಯೋಜನವಾಗದಿದ್ದರೂ ಕೆಲವು ಮಕ್ಕಳು ಪಾಠದಲ್ಲಿ ಮನಸ್ಸಿಟ್ಟರು. ೧೯೩೭ರಲ್ಲಿ ಆತ ೩೦ ಮಕ್ಕಳ ವಿವರ ಪ್ರಕಟಿಸಿದ. ಅವರಲ್ಲಿ ೧೪ ಮಕ್ಕಳ ಕಲಿಕೆ ಗಮನಾರ್ಹವಾಗಿ ಸುಧಾರಿಸಿತ್ತು. ಉತ್ತೇಜಕ ಔಷಧದಿಂದ ಚಂಚಲ ಮಗು ಶಾಂತವಾದದ್ದು ಆತನಿಗೇ ವಿಸ್ಮಯವೆನಿಸಿತ್ತು.

ಇಷ್ಟಾದ ಮೇಲೆ ಲೋಲಕ ಇನ್ನೊಂದು ಬದಿಗೆ ವಾಲಿತು. ಮಿದುಳು ಕೆಟ್ಟರೆ ನಡತೆ ಕೆಡುವುದು ದಿಟವಾದರೆ, ನಡತೆ ಕೆಟ್ಟಲ್ಲೆಲ್ಲ ಮಿದುಳು ಕೆಟ್ಟಿರಬೇಕೆಂದು ಕೆಲವರು ತರ್ಕಿಸಿದರು. ಹೊಗೆಯಿದ್ದಲ್ಲಿ ಬೆಂಕಿಯನ್ನು ಊಹಿಸುವ ನ್ಯಾಯ ಇಲ್ಲಿ ಸಲ್ಲದು. ಈ ಹೊಗೆಗೆ ಹಲವು ಬೆಂಕಿಗಳುಂಟು. ಗಾಯದ ಗುರುತೇ ಇಲ್ಲದ ಮಕ್ಕಳಿಗೂ ‘ಅಲ್ಪ ಮಿದುಳುಹಾನಿ’ಯ ಚೀಟಿ ಅಂಟಿತು. ೧೯೬೨ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಸೇರಿದ ತಜ್ಞರು ‘ಹಾನಿ’ ಎಂಬುದನ್ನು ಬಿಟ್ಟು ‘ಕಾರ್ಯದೋಷ’ ಎನ್ನಬೇಕೆಂದು ಸೂಚಿಸಿದರು. ೧೯೮೦ರಲ್ಲಿ ಅಮೆರಿಕದ ಮನೋವೈದ್ಯ ಸಂಘ ಕಾರಣದ ಮಾತನ್ನು ಬದಿಗಿಟ್ಟು, ಕಾಣುವ ಲಕ್ಷಣದಿಂದಲೇ ‘ಅವಧಾನದ ಕೊರತೆ’ ಎಂಬ ಹೆಸರನ್ನು ಒಪ್ಪಿತು.

ಇದೆಲ್ಲ ದೂರದ ದೇಶಗಳ ಹಳೆಯ ಕಥೆಯೆಂದು ತಳ್ಳುವಂತಿಲ್ಲ. ೧೯೨೪ರಲ್ಲಿ ಜಪಾನಿನಲ್ಲಿ ಬೇರೊಂದು ಮಿದುಳುಜ್ವರ ಎದ್ದಿತು. ಎಕೊನೊಮೊ ವರ್ಣಿಸಿದ್ದನ್ನು ‘ಎ’ ಎಂದೂ ತಮ್ಮದನ್ನು ‘ಬಿ’ ಎಂದೂ ಅಲ್ಲಿನವರು ವಿಂಗಡಿಸಿದರು. ಆ ‘ಬಿ’ ಬಗೆಯೇ, ಕೋಲಾರ ಮಂಡ್ಯ ಜಿಲ್ಲೆಗಳಲ್ಲಿ ೧೯೭೦ರ ದಶಕದ ಕೊನೆಯಿಂದ ನಮ್ಮ ಮಕ್ಕಳನ್ನು ಕಾಡಿದ, ಸೊಳ್ಳೆಯಿಂದ ಹರಡುವ ಜಪಾನೀ ಮಿದುಳುಜ್ವರ. ೨೦೦೬ರಿಂದ ರೋಗಪೀಡಿತ ಜಿಲ್ಲೆಗಳ ಮಕ್ಕಳಿಗೆ ಇದರ ಲಸಿಕೆ ಹಾಕಲಾಗುತ್ತಿದೆ. ಇದರಿಂದ ಬದುಕಿ ಉಳಿದ ಮಕ್ಕಳಲ್ಲೂ ಕೆಲವರಿಗೆ ಮೂರ್ಛೆ, ಕಲಿಕೆಯ ತೊಡಕು, ನಡತೆಯ ಏರುಪೇರು ಉಳಿದುಬಿಡುತ್ತವೆ. ಆಸ್ಪತ್ರೆಯ ದಾಖಲೆಯಲ್ಲಿ ಅಂಥ ಮಗು ಗುಣಹೊಂದಿದವರ ಪಟ್ಟಿಗೆ ಸೇರುತ್ತದೆ. ಮರುವರ್ಷ ಶಾಲೆಯಲ್ಲಿ ಮಾಸ್ತರರ ಕಣ್ಣಿಗೆ ಅದು ಪುಂಡ ಹುಡುಗ. ಎರಡು ಕಡೆಯ ಬರಹವನ್ನೂ ಒಟ್ಟಿಗೆ ಓದುವವರು ವಿರಳ.

ಆದ್ದರಿಂದ ದೋಷ ಯಾರದೆಂದು ಕೇಳುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದಿದೆ: ಈ ಮಗು ಮೊದಲಿನಿಂದ ಹೀಗೆಯೇ ಇತ್ತೆ, ಅಥವಾ ಒಂದು ದಿನದಿಂದೀಚೆಗೆ ಬದಲಾಯಿತೆ? ಬದಲಾಗಿದ್ದರೆ ವೈದ್ಯರಿಗೆ ತೋರಿಸಬೇಕು. ಕಾರಣ ಸಿಕ್ಕರೂ ಸಿಗದಿದ್ದರೂ ಮಗುವಿಗೆ ಬೇಕಾದದ್ದು ಫಿಲಡೆಲ್ಫಿಯಾದ ಮಕ್ಕಳಿಗೆ ದೊರೆತದ್ದೇ: ತಪ್ಪದ ದಿನಚರಿ, ಕೈಗೊಂದು ಕೆಲಸ, ಮತ್ತು ಬೇಸರಪಡದೆ ಪಕ್ಕದಲ್ಲಿರುವ ಒಬ್ಬ ಹಿರಿಯರು.