ಬ್ಲಾಕ್‌ಚೈನ್ ಡೆವಲಪರ್ ಸಮ್ಮೇಳನ: ಉಪನ್ಯಾಸ ಮತ್ತು ಉಪನ್ಯಾಸಕರನ್ನು ಸೂಚಿಸುವುದು ಹೇಗೆ?

ಬ್ಲಾಕ್‌ಚೈನ್ ಎಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಬಿಟ್‌ಕಾಯಿನ್ ಮತ್ತು ಅದರ ಬೆಲೆ. ಆದರೆ ಈ ತಂತ್ರಾಂಶವನ್ನು ಬರೆಯುವವರು, ಪರೀಕ್ಷಿಸುವವರು, ತಪ್ಪು ಹುಡುಕುವವರು ಬೇರೆಯೇ ಇದ್ದಾರೆ. ಅವರೆಲ್ಲ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಒಂದೆಡೆ ಸೇರುವುದೇ ಡೆವಲಪರ್ ಸಮ್ಮೇಳನ. ಅಲ್ಲಿ ಯಾರು ಮಾತನಾಡಬೇಕು, ಯಾವ ವಿಷಯ ಬರಬೇಕು ಎಂಬುದನ್ನು ಸಂಘಟಕರು ತಾವಾಗಿಯೇ ನಿರ್ಧರಿಸುವುದಿಲ್ಲ. ಸಾರ್ವಜನಿಕರಿಂದ ಪ್ರಸ್ತಾವಗಳನ್ನು ಕರೆಯುತ್ತಾರೆ. ಗಡಿನಾಡಿನ ಇಂಜಿನಿಯರಿಂಗ್ ವಿದ್ಯಾರ್ಥಿಯೂ ಪ್ರಸ್ತಾವ ಕಳುಹಿಸಬಹುದು. ಅದರ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಡೆವ್‌ಕಾನ್ ಎಂಬ ಸಮ್ಮೇಳನ

ಈ ಬಗೆಯ ಸಮ್ಮೇಳನಗಳಲ್ಲಿ ಹೆಚ್ಚು ಹೆಸರಾದದ್ದು ಇಥೀರಿಯಂ ಜಾಲದ ಡೆವ್‌ಕಾನ್. ವಿಟಾಲಿಕ್ ಬ್ಯುಟೆರಿನ್ 2013ರ ಕೊನೆಯಲ್ಲಿ ಇಥೀರಿಯಂನ ಕಲ್ಪನೆಯನ್ನು ಬರೆದರು. 2015ರ ಜುಲೈ 30ರಂದು ಜಾಲ ಆರಂಭವಾಯಿತು. ಅದಕ್ಕೂ ಮೊದಲೇ, 2014ರ ನವೆಂಬರ್‌ನಲ್ಲಿ ಡೆವಲಪರ್‌ಗಳು ಬರ್ಲಿನ್‌ನಲ್ಲಿ ಸೇರಿದ್ದರು. ಅದನ್ನು ಡೆವ್‌ಕಾನ್-0 ಎಂದು ಕರೆಯುತ್ತಾರೆ. ನಂತರದ ಸಮ್ಮೇಳನಗಳು ಹೀಗಿವೆ:

* 2015 - ಲಂಡನ್
* 2016 - ಶಾಂಘೈ
* 2017 - ಕಾನ್‌ಕುನ್
* 2018 - ಪ್ರಾಗ್
* 2019 - ಒಸಾಕಾ
* 2022 - ಬೊಗೋಟಾ (ಕೋವಿಡ್‌ನಿಂದಾಗಿ ತಡವಾಯಿತು)
* 2024 - ಬ್ಯಾಂಕಾಕ್

ಎಂಟನೆಯ ಡೆವ್‌ಕಾನನ್ನು 2026ರ ಕೊನೆಯ ತ್ರೈಮಾಸಿಕದಲ್ಲಿ ಮುಂಬಯಿಯಲ್ಲಿ ನಡೆಸುವುದಾಗಿ 2025ರಲ್ಲಿ ಪ್ರಕಟಿಸಲಾಯಿತು. ಸೊಲ್ಲಾಪುರದವರಿಗೆ ಮುಂಬಯಿ ಎಂದರೆ ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಇಳಿಯುವ ಊರು. ಬೆಂಗಳೂರಿನಲ್ಲಿ 2018ರಲ್ಲಿ ಆರಂಭವಾದ ಇಟಿಎಚ್-ಇಂಡಿಯಾ ಕೂಡ ಇದೇ ಜಾಲದ ಡೆವಲಪರ್‌ಗಳ ಕೂಟ. ಆದರೆ ಅದು ಹ್ಯಾಕಥಾನ್. ಅಲ್ಲಿ ಉಪನ್ಯಾಸಕ್ಕಿಂತ ತಂತ್ರಾಂಶ ಕಟ್ಟುವ ಸ್ಪರ್ಧೆಯೇ ಮುಖ್ಯ.

ಇಥೀರಿಯಂನ ಸುಧಾರಣೆಗಳಿಗೆ ಡೆವ್‌ಕಾನ್ ನಡೆದ ಊರುಗಳ ಹೆಸರನ್ನೇ ಇಡುತ್ತ ಬಂದಿದ್ದಾರೆ. ಬರ್ಲಿನ್ ಮತ್ತು ಲಂಡನ್ 2021ರಲ್ಲಿ, ಶಾಂಘೈ 2023ರಲ್ಲಿ, ಕಾನ್‌ಕುನ್ 2024ರಲ್ಲಿ, ಪ್ರಾಗ್ ಮತ್ತು ಒಸಾಕಾ 2025ರಲ್ಲಿ ಜಾರಿಗೆ ಬಂದವು.

ಒಂದು ಉಪನ್ಯಾಸದಿಂದ ಏನಾಗುತ್ತದೆ?

2015ರ ಡಿಸೆಂಬರ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ 'ಸ್ಕೇಲಿಂಗ್ ಬಿಟ್‌ಕಾಯಿನ್' ಎಂಬ ಸಮ್ಮೇಳನ ನಡೆಯಿತು. ಬಿಟ್‌ಕಾಯಿನ್‌ನ ಪ್ರತಿ ಬ್ಲಾಕ್ ಎಷ್ಟು ದೊಡ್ಡದಿರಬೇಕು ಎಂಬ ಜಗಳ ಆಗ ಜೋರಾಗಿತ್ತು. ಅಲ್ಲಿ ಪೀಟರ್ ವುಯ್ಲೆ ಎಂಬ ಡೆವಲಪರ್, ಸಹಿಯ ಭಾಗವನ್ನು ವ್ಯವಹಾರದ ಉಳಿದ ಮಾಹಿತಿಯಿಂದ ಬೇರ್ಪಡಿಸುವ 'ಸೆಗ್‌ವಿಟ್' ಉಪಾಯವನ್ನು ಮುಂದಿಟ್ಟರು. 2017ರ ಆಗಸ್ಟ್‌ನಲ್ಲಿ ಅದು ಜಾಲದಲ್ಲಿ ಜಾರಿಗೆ ಬಂತು.

2016ರ ಶಾಂಘೈ ಡೆವ್‌ಕಾನ್ ಇನ್ನೊಂದು ಉದಾಹರಣೆ. ಸಮ್ಮೇಳನ ಶುರುವಾಗುವ ಹೊತ್ತಿಗೇ ಯಾರೋ ಇಥೀರಿಯಂ ಜಾಲದ ಮೇಲೆ ದಾಳಿ ಮಾಡಿದರು. ಹೆಚ್ಚು ಬಳಕೆಯಲ್ಲಿದ್ದ 'ಗೆತ್' ತಂತ್ರಾಂಶ ಕುಸಿಯಿತು. ಅದನ್ನು ಬರೆದವರು ಅಲ್ಲೇ ಸೇರಿದ್ದರಿಂದ ಕೂತು ದುರಸ್ತಿ ಮಾಡಿದರು. ಒಂದೇ ತಂತ್ರಾಂಶವನ್ನು ನೆಚ್ಚಿದರೆ ಏನಾದೀತು ಎಂಬ ಪಾಠ ಅದರಿಂದ ಸಿಕ್ಕಿತು. ಇಂದು ಗೆತ್ ಜೊತೆಗೆ ನೆದರ್‌ಮೈಂಡ್, ಬೇಸು ಮುಂತಾದ ತಂತ್ರಾಂಶಗಳೂ ಇವೆ.

ಉಪನ್ಯಾಸದ ವಿಧಗಳು

ಸಾಮಾನ್ಯವಾಗಿ ನಾಲ್ಕು ವಿಧಗಳಿರುತ್ತವೆ.

1. ಕಿರು ಮಾತು: ಸುಮಾರು 10 ನಿಮಿಷ. ಒಂದೇ ಸಂಗತಿ ಹೇಳಲು. ಹೊಸಬರಿಗೆ ಸೂಕ್ತ.
2. ಉಪನ್ಯಾಸ: 20ರಿಂದ 30 ನಿಮಿಷ. ಮಾಡಿ ಮುಗಿಸಿದ ಕೆಲಸದ ವಿವರಕ್ಕೆ.
3. ಚರ್ಚಾಗೋಷ್ಠಿ: ಮೂರು ನಾಲ್ಕು ಮಂದಿ. ನಿಜವಾದ ಭಿನ್ನಾಭಿಪ್ರಾಯ ಇದ್ದರೆ ಮಾತ್ರ ಇದು ಕಳೆಗಟ್ಟುತ್ತದೆ.
4. ಕಾರ್ಯಾಗಾರ: ಒಂದೂವರೆ ಗಂಟೆ ಅಥವಾ ಹೆಚ್ಚು. ಕೇಳುಗರು ತಮ್ಮ ಲ್ಯಾಪ್‌ಟಾಪ್‌ನಲ್ಲಿ ಮಾಡಿ ಕಲಿಯಬೇಕು.

ಪ್ರಸ್ತಾವದಲ್ಲಿ ಏನಿರಬೇಕು?

ತಲೆಬರಹ, ನಾಲ್ಕೈದು ವಾಕ್ಯಗಳ ಸಾರಾಂಶ, ವಿಭಾಗ (ಭದ್ರತೆ, ಗೋಪ್ಯತೆ, ಬಳಕೆದಾರರ ಅನುಭವ ಇತ್ಯಾದಿ), ಕೇಳುಗರ ಮಟ್ಟ, ಮಾತನಾಡುವವರ ಪರಿಚಯ - ಇಷ್ಟು ಬೇಕೇ ಬೇಕು. ಸಾರಾಂಶವು ಮೂರು ಪ್ರಶ್ನೆಗಳಿಗೆ ಉತ್ತರ ಹೇಳಬೇಕು: ತೊಂದರೆ ಏನಿತ್ತು? ನೀವು ಏನು ಮಾಡಿದಿರಿ? ಕೇಳುಗರು ಏನು ಕಲಿತು ಹೋಗುತ್ತಾರೆ?

'ಬ್ಲಾಕ್‌ಚೈನ್‌ನ ಭವಿಷ್ಯ' ಎಂಬಂಥ ತಲೆಬರಹ ಆಯ್ಕೆದಾರರ ಗಮನ ಸೆಳೆಯುವುದಿಲ್ಲ. ಕಂಪನಿಯ ಜಾಹೀರಾತು, ಹೊಸ ನಾಣ್ಯದ ಪ್ರಚಾರ ಕೂಡ ಡೆವಲಪರ್ ಸಮ್ಮೇಳನಕ್ಕೆ ಹೊಂದುವುದಿಲ್ಲ. ಕೆಲಸ ವಿಫಲವಾಗಿದ್ದರೆ ಅದನ್ನೂ ಹೇಳಬಹುದು. ಏಕೆ ಕೆಟ್ಟಿತು ಎಂದು ಲೆಕ್ಕ ಸಮೇತ ತೋರಿಸುವ ಮಾತಿಗೆ ಬೆಲೆ ಹೆಚ್ಚು.

ಬೇರೆಯವರನ್ನು ಸೂಚಿಸುವಾಗ

ಮೊದಲು ಅವರ ಒಪ್ಪಿಗೆ ಪಡೆಯಿರಿ. ಅವರು ದೊಡ್ಡವರು ಎಂದು ಬರೆದರೆ ಸಾಲದು. ಯಾವ ಕೆಲಸ ಮಾಡಿದ್ದಾರೆ, ಈ ವಿಷಯವನ್ನು ಅವರೇ ಏಕೆ ಹೇಳಬೇಕು ಎಂಬುದನ್ನು ಬರೆಯಿರಿ. ಹಿಂದೆ ಮಾತನಾಡಿದ ಧ್ವನಿಮುದ್ರಣವೋ ವಿಡಿಯೋವೋ ಇದ್ದರೆ ಅದರ ವಿವರ ಕೊಡಿ. ಹೆಸರಾಂತರನ್ನು ಸಂಘಟಕರೇ ಕರೆಯುತ್ತಾರೆ. ನಾವು ಸೂಚಿಸಬೇಕಾದದ್ದು ಅವರ ಕಣ್ಣಿಗೆ ಬೀಳದವರನ್ನು: ತಂತ್ರಾಂಶದ ದೋಷ ಹುಡುಕುವವರು, ಸರಕಾರಿ ದಾಖಲೆಗಳ ಗಣಕೀಕರಣದಲ್ಲಿ ಕೈ ಸುಟ್ಟುಕೊಂಡವರು, ಕಾಲೇಜಿನಲ್ಲಿ ಪಾಠ ಮಾಡುವವರು.

ಇಂಗ್ಲಿಷ್ ಸರಾಗವಾಗಿ ಬರದು ಎಂದು ಹಿಂಜರಿಯಬೇಕಿಲ್ಲ. ಡೆವ್‌ಕಾನ್‌ಗೆ ಜಪಾನ್, ಚೀನಾ, ದಕ್ಷಿಣ ಅಮೆರಿಕದವರೂ ಬರುತ್ತಾರೆ. ಅವರಿಗೂ ಅದು ಎರಡನೆಯ ಭಾಷೆಯೇ.

ನಮ್ಮ ಕಡೆಯಿಂದ ಯಾವ ವಿಷಯ?

ಗಡಿನಾಡಿನವರಿಗೆ ಚೆನ್ನಾಗಿ ಗೊತ್ತಿರುವ, ಬೇರೆಯವರಿಗೆ ಹೊಳೆಯದ ಸಂಗತಿಗಳಿವೆ.

ಹೆಸರು ಮತ್ತು ಲಿಪಿ: ಕಾಸರಗೋಡಿನಲ್ಲಿ ಒಬ್ಬರ ಹೆಸರು ಕನ್ನಡದಲ್ಲಿ ಒಂದು ಬಗೆ, ಮಲಯಾಳದಲ್ಲಿ ಇನ್ನೊಂದು ಬಗೆ, ಇಂಗ್ಲಿಷ್‌ನಲ್ಲಿ ಮತ್ತೊಂದು ಬಗೆ ಇರುವುದು ಹೊಸತಲ್ಲ. ತಾಳವಾಡಿ, ಜತ್ತ, ಮಡಕಶಿರಾದಲ್ಲೂ ಇದೇ ಪಾಡು. ಬ್ಲಾಕ್‌ಚೈನ್‌ನಲ್ಲಿ ದಾಖಲೆಯನ್ನು ಗುರುತಿಸಲು 'ಹ್ಯಾಶ್' ಎಂಬ ಬೆರಳಚ್ಚಿನಂಥ ಸಂಖ್ಯೆಯನ್ನು ಬಳಸುತ್ತಾರೆ. ಎಸ್‌ಎಚ್‌ಎ-256 ವಿಧಾನದಲ್ಲಿ ಇದು 64 ಚಿಹ್ನೆಗಳ ಸಾಲು. ಒಂದು ಅಕ್ಷರ ಬದಲಾದರೂ ಇಡೀ ಸಾಲು ಬದಲಾಗುತ್ತದೆ.

ಕನ್ನಡಕ್ಕೆ ಇನ್ನೂ ಒಂದು ತೊಡಕಿದೆ. 'ಹೊಸೂರು' ಎಂಬ ಪದದ 'ಹೊ' ಅಕ್ಷರವನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ದಾಖಲಿಸಬಹುದು. 'ಹ'ಕ್ಕೆ ಒತ್ವದ ಒಂದೇ ಸಂಕೇತ ಸೇರಿಸುವುದು ಒಂದು. ಎತ್ವ ಮತ್ತು ಊತ್ವದ ಎರಡು ಸಂಕೇತ ಸೇರಿಸುವುದು ಇನ್ನೊಂದು. ಪರದೆಯಲ್ಲಿ ಎರಡೂ ಒಂದೇ ತರಹ ಕಾಣುತ್ತವೆ. ಆದರೆ ಹ್ಯಾಶ್ ಬೇರೆ ಬೇರೆ. ಪ್ರಮಾಣಪತ್ರ ಅಸಲಿಯಾಗಿದ್ದರೂ ಗಣಕ 'ತಾಳೆಯಾಗಲಿಲ್ಲ' ಎನ್ನುತ್ತದೆ. ಹ್ಯಾಶ್ ಮಾಡುವ ಮೊದಲು ಯೂನಿಕೋಡ್ ನಾರ್ಮಲೈಸೇಶನ್ ಮಾಡಿಕೊಂಡರೆ ಈ ತೊಂದರೆ ತಪ್ಪುತ್ತದೆ. ಆದರೆ ಲಿಪಿಯಿಂದ ಲಿಪಿಗೆ ಹೋಗುವಾಗ ಆಗುವ ಕಾಗುಣಿತದ ವ್ಯತ್ಯಾಸ ಇದರಿಂದ ಸರಿಹೋಗುವುದಿಲ್ಲ.

ತಿದ್ದುಪಡಿ: ಒಮ್ಮೆ ಬರೆದದ್ದನ್ನು ಅಳಿಸಲಾಗದು ಎಂಬುದು ಬ್ಲಾಕ್‌ಚೈನ್‌ನ ಹೆಗ್ಗಳಿಕೆ. ಆದರೆ ಗುಮಾಸ್ತರು ತಪ್ಪು ಬರೆದರೆ ಅದೂ ಅಳಿಯುವುದಿಲ್ಲ. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಏಟಾಪಲ್ಲಿಯಲ್ಲಿ 2022ರಲ್ಲಿ ಜಾತಿ ಪ್ರಮಾಣಪತ್ರಗಳಿಗೆ ಪಾಲಿಗನ್ ಬ್ಲಾಕ್‌ಚೈನ್ ಬಳಸುವ ಕೆಲಸ ಆರಂಭವಾಯಿತು. ಇಂಥ ಕಡೆ ಹಳೆಯ ಪತ್ರವನ್ನು ರದ್ದು ಮಾಡಿ ತಿದ್ದಿದ ಪತ್ರ ಕೊಡುವ ಕ್ರಮ ಹೇಗಿರಬೇಕು ಎಂಬುದೇ ಒಂದು ಒಳ್ಳೆಯ ಉಪನ್ಯಾಸ. ಭಾಷಾ ಅಲ್ಪಸಂಖ್ಯಾತರಿಗೆ ಇದು ಶಾಲೆಯ ಸೀಟು, ಸರಕಾರಿ ಕೆಲಸ, ಜಮೀನಿನ ಪ್ರಶ್ನೆ.

ಚೀಟಿ ವ್ಯವಹಾರ: ತೆಲಂಗಾಣ ಸರಕಾರ ಚಿಟ್ ಫಂಡ್‌ಗಳ ಮೇಲ್ವಿಚಾರಣೆಗೆ 'ಟಿ-ಚಿಟ್ಸ್' ಎಂಬ ಬ್ಲಾಕ್‌ಚೈನ್ ವ್ಯವಸ್ಥೆ ತಂದಿತು. ಚೀಟಿ ಕಟ್ಟಿ ಕಳೆದುಕೊಂಡವರು ಎಲ್ಲ ಊರಲ್ಲೂ ಇರುವುದರಿಂದ ಇದರ ಒಳಿತು ಕೆಡುಕು ಚರ್ಚೆಗೆ ಯೋಗ್ಯ.

ತೆರಿಗೆ: ಭಾರತದಲ್ಲಿ ಕ್ರಿಪ್ಟೋ ಆಸ್ತಿಯ ಲಾಭಕ್ಕೆ 2022ರ ಏಪ್ರಿಲ್‌ನಿಂದ ಶೇ. 30 ತೆರಿಗೆ, ಅದೇ ವರ್ಷದ ಜುಲೈನಿಂದ ವರ್ಗಾವಣೆಗೆ ಶೇ. 1 ಟಿಡಿಎಸ್ ಬಂತು. ಇದು ಡೆವಲಪರ್‌ಗಳ ಕೆಲಸವನ್ನು ಹೇಗೆ ಬದಲಿಸಿತು ಎಂಬುದು ಚರ್ಚಾಗೋಷ್ಠಿಗೆ ತಕ್ಕ ವಿಷಯ.

ಮಾದರಿ ಪ್ರಸ್ತಾವ

ತಲೆಬರಹ: ಕಣ್ಣಿಗೆ ಒಂದೇ, ಹ್ಯಾಶ್‌ಗೆ ಎರಡು.
ವಿಧ: ಕಿರು ಮಾತು, 10 ನಿಮಿಷ.
ಸಾರಾಂಶ: ಕನ್ನಡ ಮುಂತಾದ ಭಾರತೀಯ ಲಿಪಿಗಳಲ್ಲಿ ಒಂದೇ ಹೆಸರಿಗೆ ಎರಡು ಸಂಕೇತ ಸಾಲುಗಳಿರಬಹುದು. ಇದರಿಂದ ಅಸಲಿ ಪ್ರಮಾಣಪತ್ರವೂ ನಕಲಿಯೆಂದು ತೋರಬಹುದು. ಇದನ್ನು ವೇದಿಕೆಯ ಮೇಲೆ ಮಾಡಿ ತೋರಿಸಿ, ಪರಿಹಾರದ ಕ್ರಮವನ್ನು ಕೊಡಲಾಗುವುದು.
ಕೇಳುಗರು: ಪ್ರಮಾಣಪತ್ರ, ಗುರುತಿನ ಚೀಟಿಯ ತಂತ್ರಾಂಶ ಬರೆಯುವವರು.

ಎಚ್ಚರಿಕೆ

'ಹಣ ಕಟ್ಟಿದರೆ ವೇದಿಕೆ ಕೊಡುತ್ತೇವೆ' ಎನ್ನುವ ಕೂಟಗಳಿಂದ ದೂರವಿರಿ. ಡೆವಲಪರ್ ಸಮ್ಮೇಳನದ ಹೆಸರಿನಲ್ಲಿ ನಾಣ್ಯ ಮಾರುವವರೂ ಇದ್ದಾರೆ. ಉಪನ್ಯಾಸಕರ ಪಟ್ಟಿಯಲ್ಲಿ ತಂತ್ರಾಂಶ ಬರೆದವರು ಎಷ್ಟು ಮಂದಿ ಇದ್ದಾರೆ ಎಂದು ನೋಡಿದರೆ ಸಾಕು, ಕೂಟದ ಬಣ್ಣ ತಿಳಿಯುತ್ತದೆ.

ಪ್ರಸ್ತಾವಗಳನ್ನು ಸಮ್ಮೇಳನಕ್ಕೆ ಕೆಲವು ತಿಂಗಳು ಮೊದಲೇ ಕರೆಯುತ್ತಾರೆ. ಆದ್ದರಿಂದ ಸಾರಾಂಶವನ್ನು ಈಗಲೇ ಬರೆದಿಟ್ಟುಕೊಂಡು, ಈ ವಿಷಯ ಗೊತ್ತಿಲ್ಲದ ಒಬ್ಬ ಗೆಳೆಯರಿಗೆ ಓದಿಸಿ. ಅವರಿಗೆ ಅರ್ಥವಾದರೆ ಕಳುಹಿಸಲು ಅಡ್ಡಿಯಿಲ್ಲ. ಒಮ್ಮೆ ಆಯ್ಕೆಯಾಗದಿದ್ದರೆ ಅದನ್ನೇ ತಿದ್ದಿ ಬೆಂಗಳೂರು, ಹೈದರಾಬಾದ್ ಅಥವಾ ಪುಣೆಯ ಸಣ್ಣ ಡೆವಲಪರ್ ಕೂಟದಲ್ಲಿ ಮೊದಲು ಹೇಳಿ ನೋಡಬಹುದು.